ಮೇಳಕ್ಕೆ ರಜೆ ಬಂದಾಗ

ಬೇಸಿಗೆಯೆಂದರೆ ಕನ್ನಡ ನಾಡಿನವರಿಗೆ ಚೈತ್ರ ವೈಶಾಖಗಳು. ಮಾವು, ಮದುವೆ, ತಳ ಕಂಡ ಬಾವಿ. ಇಂಗ್ಲೆಂಡಿನ ಲೆಕ್ಕವೇ ಬೇರೆ. ಇಲ್ಲಿ ಮುಂಗಾರು ಹಿಡಿದು ಮಲೆನಾಡಿನ ಹಂಚುಗಳ ಮೇಲೆ ಮಳೆ ಹಗಲಿರುಳೂ ತಾಳ ಹಾಕುವ ಜೂನ್, ಜುಲೈ, ಆಗಸ್ಟ್ ತಿಂಗಳುಗಳೇ ಅಲ್ಲಿಯ ಬೇಸಿಗೆ. ವರ್ಷದ ಬಹುಭಾಗವನ್ನು ಮೋಡದ ಕೆಳಗೆ ಕಳೆಯುವ ಆ ಜನಕ್ಕೆ ಬಿಸಿಲೆಂದರೆ ಹಬ್ಬ. ಬಿಸಿಲು ಬಿದ್ದ ದಿನ ಮನೆಯೊಳಗೆ ಕುಳಿತಿರುವುದೇ ಅಪರಾಧವೆಂಬಂತೆ ಸಮುದ್ರತೀರಕ್ಕೋ ಬೆಟ್ಟಕ್ಕೋ ಹೊರಟುಬಿಡುತ್ತಾರೆ. ಜುಲೈ ತಿಂಗಳ ಕಡೆಯಲ್ಲಿ ಮುಚ್ಚಿದ ಶಾಲೆಗಳು ಮತ್ತೆ ತೆರೆಯುವುದು ಸೆಪ್ಟೆಂಬರಿನಲ್ಲಿಯೇ. ಹೀಗೆ ಊರು ಅರ್ಧ ಖಾಲಿಯಾಗುವ ಕಾಲದಲ್ಲಿ, ಊರ ನಡುವಿನ ಹಳೆಯ ಕಲ್ಲು ಚರ್ಚಿನೊಳಗೆ ಭಾನುವಾರ ಬೆಳಗ್ಗೆ ಏನಾಗುತ್ತದೆಂದು ವಿಚಾರಿಸುವವರು ಕಡಮೆ.

ಆ ಚರ್ಚಿಗೆ ಒಂದು ಹಾಡುವ ಮೇಳವುಂಟು. ಅದು ಸಂಬಳದ ಮೇಳವಲ್ಲ. ಊರಿನ ಹುಡುಗ ಹುಡುಗಿಯರು, ಉಪಾಧ್ಯಾಯಿನಿ, ಅಂಚೆಯವನು, ನಿವೃತ್ತನಾದ ಯಾವನೋ ಅಧಿಕಾರಿ, ಎಲ್ಲರೂ ವಾರಕ್ಕೊಂದು ಸಂಜೆ ಕೂಡಿ ಅಭ್ಯಾಸ ಮಾಡಿ, ಭಾನುವಾರ ನಿಲುವಂಗಿ ತೊಟ್ಟು ಹಾಡುತ್ತಾರೆ. ಅವರ ಹಾಡು ನಾಲ್ಕು ಎಳೆಗಳ ಹೆಣಿಗೆ. ಮೇಲಿನ ಎಳೆ ಟ್ರೆಬಲ್, ಮಕ್ಕಳದು. ಅದರ ಕೆಳಗೆ ಆಲ್ಟೊ. ಅದರ ಕೆಳಗೆ ಟೆನರ್. ಎಲ್ಲಕ್ಕೂ ಅಡಿಪಾಯವಾಗಿ ಬಾಸ್. ನಾಲ್ಕೂ ಬೇರೆ ಬೇರೆ ಸ್ವರಗಳನ್ನು ಹಿಡಿದು ಒಟ್ಟಿಗೆ ಸಾಗಬೇಕು. ಒಂದು ಎಳೆ ಕಳಚಿದರೆ ಬಟ್ಟೆಯಲ್ಲಿ ತೂತು.

ಆಗಸ್ಟಿನ ಮೊದಲ ಭಾನುವಾರ ಆರ್ಗನ್‌ವಾದಕ ತನ್ನ ಪೀಠದಲ್ಲಿ ಕುಳಿತು ಕನ್ನಡಿಯತ್ತ ನೋಡುತ್ತಾನೆ. ಆರ್ಗನ್ನಿನ ಮುಂದೆ ಕುಳಿತವನಿಗೆ ಬೆನ್ನ ಹಿಂದಿನ ಪ್ರಪಂಚ ಕಾಣುವುದು ಆ ಪುಟ್ಟ ಕನ್ನಡಿಯಲ್ಲಿಯೇ. ಕಾಣುವುದೇನು? ಮಕ್ಕಳ ಸಾಲು ಬರಿದು. ಇಬ್ಬರು ಆಲ್ಟೊ ಗೃಹಿಣಿಯರು, ಎಪ್ಪತ್ತು ದಾಟಿದ ಒಬ್ಬ ಬಾಸ್. ಟೆನರ್ ಇಲ್ಲವೆಂಬುದು ವಿಶೇಷವಲ್ಲ. ಟೆನರ್ ಎಂಬ ಪ್ರಾಣಿ ಎಲ್ಲ ಋತುಗಳಲ್ಲಿಯೂ ವಿರಳವೇ. ಪಾದ್ರಿಗಳೂ ರಜೆಯ ಮೇಲೆ; ಅವರ ಬದಲು ಬಂದಿರುವ ನಿವೃತ್ತ ಪಾದ್ರಿಗಳಿಗೆ ಈ ಊರಿನ ಪದ್ಧತಿ ತಿಳಿಯದು. ಬೆಂಚುಗಳಲ್ಲಿ ಅಲ್ಲಲ್ಲಿ ಚದುರಿದಂತೆ ಇಪ್ಪತ್ತು ಮೂವತ್ತು ಜನ.

ದೊಡ್ಡ ಕೆಥೀಡ್ರಲ್‌ಗಳಿಗೆ ಈ ಸಂಕಟವಿಲ್ಲ. ಅವುಗಳ ಮೇಳಕ್ಕೂ ಜುಲೈ ಉತ್ತರಾರ್ಧದಿಂದ ರಜೆಯೇ. ಆದರೆ ಆ ವಾರಗಳಲ್ಲಿ ಬೇರೆ ಊರುಗಳ ಮೇಳಗಳು ಅತಿಥಿಗಳಾಗಿ ಬಂದು, ಆ ಎತ್ತರದ ಕಮಾನುಗಳ ಕೆಳಗೆ ಹಾಡುವ ಭಾಗ್ಯ ಬಂತೆಂದು ಹಿಗ್ಗಿ, ಹಾಡಿ ಹೋಗುತ್ತವೆ. ಸಿಡ್ನಿ ನಿಕಲ್ಸನ್ 1927ರಲ್ಲಿ ಸ್ಥಾಪಿಸಿದ, 1945ರಿಂದ ರಾಯಲ್ ಸ್ಕೂಲ್ ಆಫ್ ಚರ್ಚ್ ಮ್ಯೂಸಿಕ್ ಎಂದು ಹೆಸರಾದ ಸಂಸ್ಥೆ ಹಾಡುವ ಮಕ್ಕಳಿಗಾಗಿ ಬೇಸಿಗೆ ಶಿಬಿರಗಳನ್ನೂ ನಡೆಸುತ್ತ ಬಂದಿದೆ. ಅಂದರೆ ಊರ ಚರ್ಚಿನ ಅತ್ಯುತ್ತಮ ಟ್ರೆಬಲ್ ಕಂಠ ಯಾವುದೋ ಮಹಾನಗರದಲ್ಲಿ ಮೊಳಗುತ್ತಿರುವ ಹೊತ್ತಿಗೇ ಅದರ ಸ್ವಂತ ಊರಿನಲ್ಲಿ ಮೌನ ಕವಿದಿರುತ್ತದೆ. ಇದನ್ನು ದೂರುವಂತಿಲ್ಲ. ಮಗು ಕಲಿತು ಬರುವುದು ಒಳ್ಳೆಯದೇ. ಆದರೆ ಅಷ್ಟರವರೆಗೆ ಊರಿನ ಹಾಡಿನ ಗತಿಯೇನು?

ಗತಿಗೆಟ್ಟ ವಾದಕ ಸಾಮಾನ್ಯವಾಗಿ ಮಾಡುವುದು ಇಷ್ಟು: ಈಸ್ಟರಿಗೆಂದು ಕಲಿತ ನಾಲ್ಕೆಳೆಯ ಕೃತಿಯನ್ನೇ ಮೂರು ಜನರಿಂದ ಹಾಡಿಸಲು ಹೋಗುತ್ತಾನೆ; ಇಲ್ಲದ ಎಳೆಗಳನ್ನು ಆರ್ಗನ್ನಿನಿಂದ ತುಂಬುತ್ತಾನೆ; ತೂತು ಮುಚ್ಚದಿದ್ದರೆ ಇನ್ನೂ ಗಟ್ಟಿಯಾಗಿ ನುಡಿಸುತ್ತಾನೆ. ಎರಡು ವಾರ ಹೀಗೆ ಹೆಣಗಿ, ಮೂರನೆಯ ವಾರ ಕೈಚೆಲ್ಲಿ, ಎಲ್ಲರಿಗೂ ಗೊತ್ತಿರುವ ಮೂರು ಗೀತೆಗಳನ್ನು ನುಡಿಸಿ ಮನೆಗೆ ಹೋಗುತ್ತಾನೆ. ಸೆಪ್ಟೆಂಬರ್ ಬರಲಿ, ನೋಡೋಣ ಎಂಬುದೇ ಅವನ ಮಂತ್ರ. ಪಂಚಾಂಗವೂ ಈ ಮಂತ್ರಕ್ಕೆ ಅನುಕೂಲವಾಗಿದೆ. ತ್ರಯೈಕ್ಯ ಭಾನುವಾರ ಕಳೆದ ಮೇಲೆ ನವೆಂಬರ್ ಕಡೆಯವರೆಗೂ ದೊಡ್ಡ ಹಬ್ಬಗಳಿಲ್ಲ. ಪೀಠದ ಮೇಲೆ ಹಸಿರು ವಸ್ತ್ರ ಹೊದಿಸಿದರೆ ತಿಂಗಳುಗಟ್ಟಲೆ ಅದೇ ಹಸಿರು. ಹಬ್ಬವಿಲ್ಲದ ಈ ಕಾಲಕ್ಕೆ ಸಂಗೀತವೂ ಬೇಡವೆಂಬ ತೀರ್ಮಾನ ಸುಲಭವಾಗಿ ಹುಟ್ಟುತ್ತದೆ.

ತೀರ್ಮಾನ ತಪ್ಪೆಂದು ಮೊದಲೇ ಹೇಳಿಬಿಡುವುದು ಲೇಸು. ವರ್ಷದಲ್ಲಿ ಹೆಚ್ಚು ವಾರಗಳು ಇಂಥವೇ. ಹಬ್ಬದೂಟ ಎಷ್ಟೇ ಸೊಗಸಾಗಿರಲಿ, ಜನ ಬದುಕುವುದು ದಿನದ ಅನ್ನದಿಂದ. ಹತ್ತು ಜನ ಹಾಡಬಲ್ಲ ಸಂಗೀತವಿದೆ, ಮೂವರಿಗಾಗಿಯೇ ಬರೆದದ್ದಿದೆ, ಮೇಳವೇ ಬೇಡದೆ ಸಭೆಯೆಲ್ಲ ಹಾಡಬಲ್ಲದ್ದಿದೆ. ನಲವತ್ತು ಜನರಿಗಾಗಿ ಹೊಲಿದ ಅಂಗಿಯನ್ನು ಮೂವರಿಗೆ ತೊಡಿಸಿ ಸಡಿಲವಾಯಿತೆಂದು ಗೋಳಿಡುವುದಕ್ಕಿಂತ ಮೂವರ ಅಳತೆಯ ಅಂಗಿಯನ್ನು ಹುಡುಕುವುದು ಬುದ್ಧಿವಂತಿಕೆ.

ಮೊದಲು ಆರ್ಗನ್ನಿನ ವಿಚಾರ. ಬೇಸಿಗೆಯಲ್ಲಿ ಆ ವಾದ್ಯರಾಜನ ಮನಸ್ಸೂ ನೆಟ್ಟಗಿರುವುದಿಲ್ಲ. ಅದರ ಬಹುಪಾಲು ಕೊಳವೆಗಳು ಕೊಳಲಿನ ಜಾತಿಯವು. ಅವುಗಳ ಶ್ರುತಿ ಒಳಗಿನ ಗಾಳಿಯಲ್ಲಿ ನಾದ ಎಷ್ಟು ವೇಗವಾಗಿ ಚಲಿಸುತ್ತದೆಂಬುದನ್ನು ಅವಲಂಬಿಸಿದೆ. ಗಾಳಿ ಬೆಚ್ಚಗಾದಷ್ಟೂ ನಾದ ವೇಗವಾಗಿ ಚಲಿಸುತ್ತದೆ, ಶ್ರುತಿ ಏರುತ್ತದೆ. ಚಳಿಗಾಲದಲ್ಲಿ 12 ಡಿಗ್ರಿ ಸೆಂಟಿಗ್ರೇಡ್ ಇದ್ದ ಚರ್ಚು ಬೇಸಿಗೆಯಲ್ಲಿ 24 ಡಿಗ್ರಿಗೆ ಏರಿದರೆ ಈ ಕೊಳವೆಗಳ ಶ್ರುತಿ ನೂರಕ್ಕೆ ಎರಡರಷ್ಟು, ಎಂದರೆ ಅರ್ಧಸ್ವರದ ಸುಮಾರು ಮೂರನೆಯ ಒಂದು ಭಾಗದಷ್ಟು ಮೇಲೇರುತ್ತದೆ. ಎಲ್ಲವೂ ಒಟ್ಟಿಗೆ ಏರಿದರೆ ಬಾಧಕವಿರಲಿಲ್ಲ. ಆದರೆ ಶಹನಾಯಿಯಂತೆ ನಾಲಗೆಯುಳ್ಳ ಕೊಳವೆಗಳು ಇನ್ನೊಂದು ಪಂಗಡ. ಅವುಗಳ ಶ್ರುತಿಯನ್ನು ಹೆಚ್ಚಾಗಿ ಹಿತ್ತಾಳೆಯ ನಾಲಗೆ ನಿರ್ಧರಿಸುವುದರಿಂದ ಅವು ಅಷ್ಟಾಗಿ ಏರವು. ಒಂದು ಪಂಗಡ ಬೆಟ್ಟ ಹತ್ತಿತು, ಇನ್ನೊಂದು ತಪ್ಪಲಿನಲ್ಲೇ ನಿಂತಿತು! ಎರಡನ್ನೂ ಒಟ್ಟಿಗೆ ನುಡಿಸಿದರೆ ಕೇಳುಗರ ಹಲ್ಲು ಜುಮ್ಮೆನ್ನುತ್ತದೆ. ಇದರ ಮೇಲೆ ಸೆಕೆಗೆ ಮರ ಉಬ್ಬಿ ಯಾವುದೋ ಒಂದು ಸ್ವರ ಒತ್ತದೆಯೇ ಕೂಗತೊಡಗಿದರಂತೂ ದೇವರೇ ಗತಿ. ಆದುದರಿಂದ ಬೇಸಿಗೆಯ ಕೆಲವು ಭಾನುವಾರಗಳಲ್ಲಿ ನಾಲಗೆಯ ಕೊಳವೆಗಳಿಗೆ ವಿಶ್ರಾಂತಿ ಕೊಟ್ಟು, ಒಂದೆರಡು ಮೆತ್ತನೆಯ ಕೊಳವೆಸಾಲುಗಳಲ್ಲಿ ಮಾತ್ರ ಶ್ರುತಿ ತೋರಿಸಿ, ಬಳಿಕ ಮನುಷ್ಯ ಕಂಠಗಳನ್ನು ಅವುಗಳ ಪಾಡಿಗೆ ಬಿಡುವುದು ಒಳ್ಳೆಯದು. ಕಲ್ಲು ಗೋಡೆಗಳಿಗೆ ಬರಿಯ ಕಂಠ ಚೆನ್ನಾಗಿ ಒಗ್ಗುತ್ತದೆ.

ಬರಿಯ ಕಂಠಕ್ಕೆ ಏನು ಹಾಡಿಸಬೇಕೆಂಬುದಕ್ಕೆ ಇಂಗ್ಲೆಂಡಿನ ಚರಿತ್ರೆಯಲ್ಲಿ ಒಬ್ಬ ಮನುಷ್ಯ ಉತ್ತರ ಬರೆದಿಟ್ಟು ಹೋಗಿದ್ದಾನೆ. ಅವನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅವನು ಜಾನ್ ಮರ್ಬೆಕ್, ವಿಂಡ್ಸರ್ ಅರಮನೆಯ ಸೇಂಟ್ ಜಾರ್ಜ್ ಚಾಪೆಲಿನಲ್ಲಿ ಹಾಡುಗಾರ, ಆರ್ಗನ್‌ವಾದಕ. ಎಂಟನೆಯ ಹೆನ್ರಿಯ ಕಾಲ. ಯಾವ ಪುಸ್ತಕ ಓದಿದರೆ ತಲೆ ಉಳಿಯುತ್ತದೆ, ಯಾವುದನ್ನು ಓದಿದರೆ ಹೋಗುತ್ತದೆ ಎಂಬುದು ದಿನದಿಂದ ದಿನಕ್ಕೆ ಬದಲಾಗುತ್ತಿದ್ದ ಕಾಲ. ಮರ್ಬೆಕ್ ಬಿಡುವಿನಲ್ಲಿ ಇಂಗ್ಲಿಷ್ ಬೈಬಲಿನ ಪದಗಳಿಗೆಲ್ಲ ಅಕಾರಾದಿಯಾಗಿ ಸೂಚಿ ಬರೆಯುತ್ತಿದ್ದ. 1543ರಲ್ಲಿ ಮತದ್ರೋಹದ ಆರೋಪ ಬಂತು. ಬರೆದಿದ್ದ ಹಾಳೆಗಳೆಲ್ಲ ವಶವಾದವು. ಅವನೊಡನೆ ಶಿಕ್ಷೆಗೊಳಗಾದ ಮೂವರನ್ನು ಅದೇ ಬೇಸಿಗೆಯಲ್ಲಿ ವಿಂಡ್ಸರಿನಲ್ಲಿ ಸುಟ್ಟರು. ಅವರಲ್ಲೊಬ್ಬ ಅದೇ ಚಾಪೆಲಿನ ಹಾಡುಗಾರ. ಮರ್ಬೆಕ್‌ನಿಗೆ ಮಾತ್ರ ಕ್ಷಮೆ ದೊರೆಯಿತು. ಬೆಂಕಿಯ ಅಂಚಿನಿಂದ ಹಿಂದಿರುಗಿದ ಮನುಷ್ಯ ಮಾಡಿದ್ದೇನು? ಪದಸೂಚಿಯನ್ನು ಮತ್ತೆ ಮೊದಲಿನಿಂದ ಬರೆದ. 1550ರಲ್ಲಿ ಅದು ಅಚ್ಚಾಯಿತು. ಅದೇ ವರ್ಷ ಅವನ ಇನ್ನೊಂದು ಪುಸ್ತಕವೂ ಹೊರಬಂತು: ಹಿಂದಿನ ವರ್ಷ ಬಳಕೆಗೆ ಬಂದಿದ್ದ ಇಂಗ್ಲಿಷ್ ಪ್ರಾರ್ಥನಾ ಪುಸ್ತಕದ ಮಾತುಗಳಿಗೆ ಸ್ವರ ಹಾಕಿದ ಪುಸ್ತಕ.

ಅದಕ್ಕೆ ಮುಂಚೆ ಮಠಗಳಲ್ಲೂ ದೊಡ್ಡ ಚರ್ಚುಗಳಲ್ಲೂ ಲ್ಯಾಟಿನ್ ಹಾಡು. ಒಂದೊಂದು ಅಕ್ಷರವನ್ನು ಹತ್ತಿಪ್ಪತ್ತು ಸ್ವರಗಳ ಮೇಲೆ ಎಳೆದಾಡಿಸುವ ಪರಿಪಾಠವಿತ್ತು. ನಾದಕ್ಕೆ ಸೊಗಸು, ಅರ್ಥಕ್ಕೆ ಕತ್ತಲೆ. ಅಕ್ಷರಕ್ಕೊಂದು ಸ್ವರ ಸಾಕೆಂದು ಆರ್ಚ್‌ಬಿಷಪ್ ಕ್ರಾನ್ಮರ್ 1544ರಲ್ಲಿ ದೊರೆಗೆ ಬರೆದಿದ್ದ. ಮರ್ಬೆಕ್ ಅದನ್ನು ಮಾಡಿ ತೋರಿಸಿದ. ನಾಲ್ಕೆಳೆಯಿಲ್ಲ, ವಾದ್ಯವಿಲ್ಲ, ಒಂದೇ ಎಳೆ, ಮಾತಿನ ನಡಿಗೆಯೇ ತಾಳ. ಓದುಗರು ವಚನಗಳನ್ನು ರಾಗವಾಗಿ ಓದುವವರನ್ನು ಕೇಳಿದ್ದರೆ ಈ ಹದ ಸ್ವಲ್ಪಮಟ್ಟಿಗೆ ಊಹೆಗೆ ಬಂದೀತು. ಹಾಡೂ ಹೌದು, ಮಾತೂ ಹೌದು.

ಅವನ ದುರದೃಷ್ಟವನ್ನು ನೋಡಿ! 1552ರಲ್ಲಿ ಪ್ರಾರ್ಥನಾ ಪುಸ್ತಕವನ್ನೇ ತಿದ್ದಿದರು. ಮಾತುಗಳು ಬದಲಾದುವು, ಸ್ವರಗಳು ಅನಾಥವಾದುವು. ಎರಡು ವರ್ಷವಷ್ಟೆ ಬಾಳಿದ ಪುಸ್ತಕ ಮುನ್ನೂರು ವರ್ಷ ಮಲಗಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ಪದ್ಧತಿಗಳನ್ನು ಕೆದಕಿದವರ ಕೈಗೆ ಸಿಕ್ಕಿ ಎದ್ದು ಕುಳಿತು, ಊರೂರಿನ ಚರ್ಚುಗಳಲ್ಲಿ ಹಾಡಾಯಿತು. ಇಬ್ಬರು ಆಲ್ಟೊಗಳೂ ಒಬ್ಬ ಮುದಿ ಬಾಸೂ ಇರುವ ಆಗಸ್ಟ್ ಭಾನುವಾರಕ್ಕೆ ಇದಕ್ಕಿಂತ ಒಪ್ಪುವ ಸಂಗೀತ ಬೇರೆ ಯಾವುದು? ಇಲ್ಲಿ ಯಾವ ಎಳೆಯೂ ಕಳಚಿಲ್ಲ, ಏಕೆಂದರೆ ಇರುವುದೇ ಒಂದು ಎಳೆ. ಮೂವರು ಹಾಡಿದರೆ ಮೂವರದು, ಮೂವತ್ತು ಜನ ಸೇರಿದರೆ ಮೂವತ್ತು ಜನರದು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಮೇಳವಿಲ್ಲದೆ ಸಭೆ ಬಾಯಿ ಬಿಡುವುದಿಲ್ಲ, ಇಂಗ್ಲಿಷರು ಸ್ವಭಾವತಃ ಸಂಕೋಚದವರು, ಪಕ್ಕದವನಿಗೆ ತನ್ನ ಧ್ವನಿ ಕೇಳೀತೆಂದು ಪುಸ್ತಕದೊಳಕ್ಕೆ ಗೊಣಗುವವರು ಎಂದು. ಮಾತು ಪೂರ್ತಿ ಸುಳ್ಳಲ್ಲ. ಆದರೆ ನಿಲುವಂಗಿಯ ಮೇಳ ಸನಾತನವೆಂದು ಭಾವಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಊರ ಚರ್ಚುಗಳಲ್ಲಿ ಬಿಳಿಯ ನಿಲುವಂಗಿ ತೊಟ್ಟು ಪೀಠದ ಸಮೀಪ ಕುಳಿತು ಹಾಡುವ ಮೇಳದ ಪದ್ಧತಿ ಹರಡಿದ್ದು, 1841ರಲ್ಲಿ ಹೊಸದಾಗಿ ಕಟ್ಟಿ ತೆರೆದ ಲೀಡ್ಸ್ ಪಟ್ಟಣದ ಚರ್ಚಿನಂಥವುಗಳ ಮಾದರಿಯಿಂದ. ಎರಡು ಶತಮಾನವೂ ತುಂಬಿಲ್ಲ. ಅದಕ್ಕೆ ಮೊದಲು ಊರುಗಳು ಮೂಕವಾಗಿದ್ದುವೆ?

ಇರಲಿಲ್ಲ. ದಾವೀದನ ಕೀರ್ತನೆಗಳನ್ನು ಛಂದೋಬದ್ಧವಾಗಿ ಇಂಗ್ಲಿಷಿಗೆ ತಂದ ಸ್ಟರ್ನ್‌ಹೋಲ್ಡ್ ಹಾಪ್ಕಿನ್ಸರ ಪುಸ್ತಕ 1562ರಲ್ಲಿ ಪೂರ್ತಿಯಾಗಿ ಅಚ್ಚಾಗಿ ಮನೆಮನೆ ಸೇರಿತು. ಓದುಬಾರದವರೇ ಹೆಚ್ಚಾಗಿದ್ದ ಸಭೆಗಳಿಗಾಗಿ, ಒಬ್ಬನು ಒಂದು ಸಾಲನ್ನು ಓದಬೇಕು, ಜನ ಅದನ್ನು ಹಿಡಿದು ಹಾಡಬೇಕು, ಆಮೇಲೆ ಮುಂದಿನ ಸಾಲು ಎಂಬ ಏರ್ಪಾಟನ್ನು 1645ರಲ್ಲಿ ಪಾರ್ಲಿಮೆಂಟು ಒಪ್ಪಿದ ಆರಾಧನಾ ವಿಧಿಯಲ್ಲಿಯೇ ಸೂಚಿಸಿತ್ತು. ಭಜನೆಯ ಮನೆಯಲ್ಲಿ ಮುಂದಾಳು ಹೇಳಿಕೊಟ್ಟದ್ದನ್ನು ಹಿಂದಿನವರು ಎತ್ತಿಕೊಳ್ಳುವುದನ್ನು ನೋಡಿದ ಕನ್ನಡಿಗರಿಗೆ ಇದರಲ್ಲಿ ಹೊಸದೇನೂ ತೋರದು. ಸುಶಿಕ್ಷಿತರು ಮುಂದೆ ಈ ಪದ್ಧತಿಯನ್ನು ಹಳ್ಳಿಗಾಡಿನದೆಂದು ಹಳಿದರು. ಇಂಗ್ಲೆಂಡಿನಲ್ಲಿ ಅದು ಅಳಿಯಿತು. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಲೂಯಿಸ್ ದ್ವೀಪದಲ್ಲಿ ಗೇಲಿಕ್ ಭಾಷೆಯಲ್ಲಿ ಅದು ಇನ್ನೂ ಜೀವಂತವಾಗಿದೆ. ಮುಂದಾಳು ಸಾಲೊಂದನ್ನು ಎತ್ತಿದೊಡನೆ ಸಭೆಯ ಪ್ರತಿಯೊಬ್ಬರೂ ತಮ್ಮ ತಮ್ಮ ಗಮಕಗಳಿಂದ ಅದನ್ನು ಹಿಡಿಯುವಾಗ, ದಡಕ್ಕೆ ಒಂದರ ಮೇಲೊಂದು ಅಲೆ ಬಂದಂತೆ ಕೇಳುತ್ತದೆ. ಅಲ್ಲಿ ಆರ್ಗನ್ನೂ ಇಲ್ಲ, ಮೇಳವೂ ಇಲ್ಲ. ಬೇಸಿಗೆಯ ಇಂಗ್ಲಿಷ್ ಚರ್ಚು ಇದನ್ನು ಹಾಗೆಯೇ ತರಲಾರದು. ಆದರೆ ಕೀರ್ತನೆಯೊಂದಕ್ಕೆ ಸಣ್ಣದೊಂದು ಪಲ್ಲವಿಯನ್ನು ಕಟ್ಟಿ, ಚರಣಗಳನ್ನು ಒಬ್ಬರು ಹಾಡಿ, ಪಲ್ಲವಿಯನ್ನು ಸಭೆಗೆ ಬಿಟ್ಟರೆ ಅದೇ ತತ್ತ್ವ ಸಾಧಿಸಿದಂತೆ. ಆ ಒಬ್ಬರು ಮಹಾ ಗಾಯಕರಾಗಿರಬೇಕಿಲ್ಲ. ಸ್ಪಷ್ಟವಾಗಿ, ಹೆದರದೆ ಹಾಡಿದರೆ ಸಾಕು.

ಸಭೆಯನ್ನು ಒಲಿಸಿಕೊಳ್ಳುವುದಕ್ಕೆ ಉಪಾಯಗಳೂ ಬೇಕು. ಬೇಸಿಗೆ ಪೂರ್ತಿಗೆ ಹೊಸ ಮಟ್ಟು ಒಂದೇ ಸಾಕು. ಆರಾಧನೆಗೆ ಹತ್ತು ನಿಮಿಷ ಮುಂಚೆ ಅದನ್ನು ಕಲಿಸಿ, ಆರು ವಾರವೂ ಅದನ್ನೇ ಹಾಡಿಸಬೇಕು. ಮೂರನೆಯ ವಾರಕ್ಕೆ ಅದು ತಮ್ಮದೇ ಎಂದು ಜನ ತಿಳಿಯುತ್ತಾರೆ. ಮಕ್ಕಳ ಎತ್ತರದ ಧ್ವನಿಗೆಂದು ಬರೆದ ಗೀತೆಗಳ ಶ್ರುತಿಯನ್ನು ಒಂದೆರಡು ಮೆಟ್ಟಿಲು ಇಳಿಸಬೇಕು. ಬೆಳಗಿನ ಹೊತ್ತು ಗಡುಸಾದ ಗಂಟಲಿನ ರೈತನಿಗೆ ಎಟುಕದ ಸ್ವರವನ್ನು ಹಿಡಿಯೆಂದರೆ ಅವನು ಬಾಯಿ ಮುಚ್ಚದೆ ಇನ್ನೇನು ಮಾಡಿಯಾನು? ಮಟ್ಟುಗಳ ಆಯ್ಕೆಯಲ್ಲಿ ಪಾಂಡಿತ್ಯಕ್ಕಿಂತ ನೆಲದ ವಾಸನೆ ಮುಖ್ಯ. ವಾನ್ ವಿಲಿಯಮ್ಸ್ 1906ರ ಇಂಗ್ಲಿಷ್ ಸ್ತೋತ್ರಸಂಗ್ರಹಕ್ಕೆ ಸಂಗೀತ ಸಂಪಾದಕನಾಗಿದ್ದಾಗ ಹಳ್ಳಿಗಳಲ್ಲಿ ತಾನೇ ಅಲೆದು ಬರೆದುಕೊಂಡಿದ್ದ ಜನಪದ ಮಟ್ಟುಗಳನ್ನು ಚರ್ಚಿನೊಳಕ್ಕೆ ತಂದ. ಸಸೆಕ್ಸ್ ಸೀಮೆಯ ಮಾಂಕ್ಸ್ ಗೇಟ್ ಎಂಬಲ್ಲಿ 1904ರಲ್ಲಿ ಒಬ್ಬ ಹೆಂಗಸು ಹಾಡಿದ ನಾವಿಕರ ಹಾಡೊಂದರ ಮಟ್ಟು ಬನ್ಯನ್ ಕವಿಯ ಯಾತ್ರಿಕನ ಗೀತೆಗೆ ಹೊಂದಿ ದೇಶಕ್ಕೆಲ್ಲ ಪರಿಚಿತವಾಯಿತು. ಹೊಲದ ಬದುವಿನ ಮೇಲೆ ಹುಟ್ಟಿದ ಹಾಡಿಗೆ ಬೇಸಿಗೆಗಿಂತ ತಕ್ಕ ಕಾಲ ಯಾವುದು?

ಒಂದೇ ಎಳೆ ಬೇಸರವಾದೀತೆಂಬುವರಿಗೆ ಇನ್ನೊಂದು ಹಾದಿಯುಂಟು. ಒಂದೇ ಮಟ್ಟನ್ನು ಒಬ್ಬರು ಮುಂದೆ ಹಾಡುತ್ತ ಹೋಗಿ, ಇನ್ನೊಬ್ಬರು ಸ್ವಲ್ಪ ಹಿಂದಿನಿಂದ ಅದನ್ನೇ ಹಾಡುತ್ತ ಬಂದರೆ ಎರಡೂ ತಾವಾಗಿಯೇ ಹೆಣೆದುಕೊಳ್ಳುವಂತೆ ಕಟ್ಟಿದ ಹಾಡುಗಳಿವೆ. ಕಲಿಯುವುದು ಒಂದು, ಕೇಳುವುದು ಎರಡು! ಈ ಜಾಣ್ಮೆಗೆ ಇಂಗ್ಲೆಂಡಿನಲ್ಲಿ ಉಳಿದಿರುವ ಪ್ರಸಿದ್ಧವಾದ ಹಳೆಯ ಸಾಕ್ಷಿ ಬೇಸಿಗೆಯದೇ ಹಾಡು. ರೆಡಿಂಗ್ ಊರಿನ ಮಠಕ್ಕೆ ಸಂಬಂಧಿಸಿದ, ಹದಿಮೂರನೆಯ ಶತಮಾನದ ನಡುವಿನ ಹಸ್ತಪ್ರತಿಯೊಂದರಲ್ಲಿ ಅದು ದೊರೆತಿದೆ. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಬೇಸಿಗೆ ಬಂತು, ಕೋಗಿಲೆ ಕೂಗಿತು ಎಂಬ ಹಳ್ಳಿಯ ಸಂತೋಷ ಅದರ ವಸ್ತು. ನಾಲ್ವರು ಒಬ್ಬರ ಹಿಂದೊಬ್ಬರು ಅದನ್ನು ಹಾಡಬೇಕು, ಕೆಳಗೆ ಇಬ್ಬರು ಸಣ್ಣ ಪಲ್ಲವಿಯೊಂದನ್ನು ಬಿಡದೆ ತಿರುಗಿಸುತ್ತಿರಬೇಕು. ಸೋಜಿಗವೆಂದರೆ ಅವೇ ಸ್ವರಗಳ ಅಡಿಯಲ್ಲಿ ಕ್ರಿಸ್ತನನ್ನು ಕುರಿತ ಲ್ಯಾಟಿನ್ ಮಾತುಗಳನ್ನೂ ಬರೆದಿಟ್ಟಿದ್ದಾರೆ. ಹೊರಗಿನ ಹುಲ್ಲುಗಾವಲಿಗೂ ಒಳಗಿನ ಪೀಠಕ್ಕೂ ಒಂದೇ ಮಟ್ಟು ಸಾಕೆಂಬ ಧೈರ್ಯ ಆ ಲಿಪಿಕಾರನಿಗಿತ್ತು.

ಊರ ಚರ್ಚಿಗೆ ಇನ್ನೂ ಸುಲಭವಾದುದು 1567ರಲ್ಲಿ ಆರ್ಚ್‌ಬಿಷಪ್ ಪಾರ್ಕರನ ಕೀರ್ತನೆಗಳಿಗಾಗಿ ಥಾಮಸ್ ಟಾಲಿಸ್ ಕಟ್ಟಿದ ಇಂಥದೇ ಮಟ್ಟು. ಮುಂದೆ ಬಿಷಪ್ ಕೆನ್ ಬರೆದ ಸಂಜೆಯ ಸ್ತೋತ್ರಕ್ಕೆ ಅದು ಗಂಟುಬಿದ್ದು ಇಂದಿಗೂ ಬಿಟ್ಟಿಲ್ಲ. ಸಭೆಯ ಎಡಭಾಗ ಮುಂದೆ, ಬಲಭಾಗ ಹಿಂದೆ. ಮೇಳದ ಹಂಗಿಲ್ಲದೆ ಎರಡೆಳೆಯ ಸಂಗೀತ ಸಿದ್ಧ. ಜೂನ್ ತಿಂಗಳಲ್ಲಿ ಇದನ್ನು ಹಾಡುವವರ ಒಂದೇ ತೊಂದರೆಯೆಂದರೆ, ಆ ದೇಶದಲ್ಲಿ ಆಗ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ಆರೂವರೆಯ ಪ್ರಾರ್ಥನೆಯಲ್ಲಿ ಪಶ್ಚಿಮದ ಕಿಟಕಿಯಿಂದ ಬಿಸಿಲು ಕಣ್ಣಿಗೆ ರಾಚುತ್ತಿರುವಾಗ, ಕೈಯನ್ನು ಹುಬ್ಬಿಗೆ ಮರೆಮಾಡಿಕೊಂಡು, ಇರುಳು ಕವಿಯಿತೆಂದು ಭಕ್ತಿಯಿಂದ ಹಾಡಬೇಕು.

ಬೇಸಿಗೆಗೆ ಹಬ್ಬಗಳೇ ಇಲ್ಲವೆಂಬುದೂ ಅರ್ಧ ಸತ್ಯ. ಆಗಸ್ಟ್ 1ರಂದು ಹೊಸ ಗೋಧಿಯ ರೊಟ್ಟಿಯನ್ನು ಚರ್ಚಿಗೆ ತರುವ ಹಳೆಯ ಹಬ್ಬವಿದೆ, 6ರಂದು ಕ್ರಿಸ್ತನ ರೂಪಾಂತರದ ಹಬ್ಬ. ಇವೆಲ್ಲಕ್ಕಿಂತ ಸಂಗೀತಗಾರರು ನೆನೆಯಬೇಕಾದ ದಿನ ಜೂನ್ 24, ಸ್ನಾನಿಕ ಯೋಹಾನನ ಹಬ್ಬ. ಅಂದಿನ ಲ್ಯಾಟಿನ್ ಸ್ತೋತ್ರದಲ್ಲಿ ಮೊದಲ ಆರು ತುಂಡುಗಳು ಒಂದೊಂದೂ ಹಿಂದಿನದಕ್ಕಿಂತ ಒಂದು ಸ್ವರ ಮೇಲಿನಿಂದ ಪ್ರಾರಂಭವಾಗುತ್ತವೆ. ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಆರೆಟ್ಸೊ ಊರಿನ ಗೀದೊ ಎಂಬ ಸಂನ್ಯಾಸಿ ಇದನ್ನು ಗಮನಿಸಿ, ಆ ತುಂಡುಗಳ ಮೊದಲ ಅಕ್ಷರಗಳನ್ನೇ ಸ್ವರಗಳ ಹೆಸರಾಗಿ ಹುಡುಗರಿಗೆ ಕಲಿಸಿದ: ಉತ್, ರೆ, ಮಿ, ಫಾ, ಸೋಲ್, ಲಾ. ಉತ್ ಎಂಬುದು ಮುಂದೆ ಡೋ ಆಯಿತು, ಏಳನೆಯದೊಂದು ಸೇರಿತು. ಸರಿಗಮದಿಂದ ಪಾಠ ಮೊದಲಾಗುವ ನಾಡಿನವರಿಗೆ ಇದರ ಬೆಲೆ ತಿಳಿಯದಿರಲಾರದು. ಪಶ್ಚಿಮದ ಸ್ವರಗಳಿಗೆ ನಾಮಕರಣವಾದದ್ದೇ ಬೇಸಿಗೆಯ ಹಬ್ಬದ ಹಾಡಿನಿಂದ! ಆ ದಿನವಾದರೂ ಯಾರಾದರೊಬ್ಬರು ಆ ಸ್ತೋತ್ರವನ್ನು ಹಾಡಿ, ಮಕ್ಕಳಿಗೆ ಅದರ ಕಥೆ ಹೇಳಬಹುದು. ಜೂನಿನಲ್ಲಿ ಮಕ್ಕಳಿನ್ನೂ ಊರಲ್ಲೇ ಇರುತ್ತಾರೆ.

ಬೇಸಿಗೆ ಕಸಿದುಕೊಳ್ಳುವಂತೆಯೇ ಕೊಡುವುದೂ ಉಂಟು. ವಾದಕರು ಇದನ್ನು ಲೆಕ್ಕಕ್ಕೆ ಹಿಡಿಯರು. ಚಿಕ್ಕ ಮಕ್ಕಳು ಹೋದರೆ ವಿಶ್ವವಿದ್ಯಾಲಯಗಳಿಂದ ದೊಡ್ಡ ಮಕ್ಕಳು ಮನೆಗೆ ಬರುತ್ತಾರೆ. ಅವರಲ್ಲಿ ಒಬ್ಬಳ ಕೈಯಲ್ಲಿ ಪಿಟೀಲು, ಒಬ್ಬನ ಕೈಯಲ್ಲಿ ಕ್ಲಾರಿನೆಟ್. ಇವರನ್ನು ಕರೆದು ಕೂರಿಸಿದರೆ ಅದು ಹೊಸ ಫ್ಯಾಷನ್ನಲ್ಲ, ಅಜ್ಜಂದಿರ ಪದ್ಧತಿ. ಹದಿನೆಂಟನೆಯ ಶತಮಾನದಲ್ಲಿಯೂ ಹತ್ತೊಂಬತ್ತರ ಪೂರ್ವಾರ್ಧದಲ್ಲಿಯೂ ಊರ ಚರ್ಚಿನ ಪಶ್ಚಿಮದ ಅಟ್ಟದಲ್ಲಿ ಪಿಟೀಲು, ಕ್ಲಾರಿನೆಟ್, ಬಸೂನುಗಳ ವಾದ್ಯತಂಡ ಕುಳಿತು ಹಾಡಿಗೆ ಮೇಳವಿಸುತ್ತಿತ್ತು. ಕಾದಂಬರಿಕಾರ ಥಾಮಸ್ ಹಾರ್ಡಿಯ ತಂದೆಯೂ ತಾತನೂ ಡಾರ್ಸೆಟ್ ಸೀಮೆಯ ಸ್ಟಿನ್ಸ್‌ಫೋರ್ಡ್ ಚರ್ಚಿನಲ್ಲಿ ಹೀಗೆ ನುಡಿಸಿದವರು. ಅಂಥ ತಂಡವೊಂದನ್ನು ಎಬ್ಬಿಸಿ ಆ ಜಾಗಕ್ಕೆ ಆರ್ಗನ್ ತಂದ ಕಥೆಯನ್ನು ಅವನು 1872ರ ಕಾದಂಬರಿಯಲ್ಲಿ ನಗುತ್ತಲೇ ಹೇಳಿದ್ದಾನೆ. ಆ ನಗುವಿನ ಕೆಳಗೆ ನೋವಿದೆ. ಆಗಸ್ಟಿನ ನಾಲ್ಕು ವಾರ ಆ ಅಟ್ಟದವರ ವಂಶ ಮರಳಿ ಬಂದರೆ ಆರ್ಗನ್ನು ಬೇಸರಪಟ್ಟುಕೊಳ್ಳದು. ಒಂಟಿ ಕಂಠವೊಂದು ಚೆನ್ನಾಗಿದ್ದರೆ ಪರ್ಸೆಲ್ ರಚಿಸಿದ, 1688ರಲ್ಲಿ ಅಚ್ಚಾದ ಸಂಜೆಯ ಗೀತೆಯಿದೆ; ಕೆಳಗೆ ಒಂದೇ ಸ್ವರಪಂಕ್ತಿ ಉಸಿರಾಟದಂತೆ ಮರಳಿ ಮರಳಿ ಬರುತ್ತಿರಲು, ಮೇಲೆ ಒಂದು ಧ್ವನಿ ನಿದ್ದೆಗೆ ಮುಂಚಿನ ನಿರಾಳದಲ್ಲಿ ಸಂಚರಿಸುತ್ತದೆ. ಮೇಳವಿರುವಾಗ ಇದಕ್ಕೆ ಎಡೆಯೇ ದೊರೆಯದು.

ಇನ್ನು ಸಮುದ್ರತೀರದ ಊರುಗಳು. ಅಲ್ಲಿ ಬೇಸಿಗೆಯಲ್ಲಿ ಸಭೆ ಕುಗ್ಗುವುದಿಲ್ಲ, ಉಕ್ಕುತ್ತದೆ. ಬಂದವರಿಗೆ ಊರಿನ ಮಟ್ಟುಗಳು ತಿಳಿಯವು, ಅಷ್ಟೆ. ಇಂಥ ಅಪರಿಚಿತರ ಗುಂಪಿಗೆ ಏನು ಹಾಡಿಸಬೇಕೆಂಬ ಪ್ರಶ್ನೆಯನ್ನು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಎದುರಿಸಿದ್ದು ಫ್ರಾನ್ಸಿನ ಬರ್ಗಂಡಿ ಪ್ರಾಂತದ ತೇಝೆ ಎಂಬ ಕುಗ್ರಾಮ. ಬ್ರದರ್ ರೋಜರ್ 1940ರಲ್ಲಿ ಅಲ್ಲಿಗೆ ಬಂದು ನೆಲೆನಿಂತು ಕಟ್ಟಿದ ಮಠಕ್ಕೆ ಮುಂದೆ ಪ್ರತಿ ಬೇಸಿಗೆಯಲ್ಲೂ ಅನೇಕ ದೇಶಗಳ ಯುವಜನ ಸಾವಿರಗಟ್ಟಲೆ ಬರತೊಡಗಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಇರುವುದು ಒಂದು ವಾರ. ಪ್ಯಾರಿಸಿನ ಆರ್ಗನ್‌ವಾದಕ ಝಾಕ್ ಬೆರ್ತಿಯೆ ಅವರಿಗಾಗಿ ಒಂದೆರಡು ಸಾಲಿನ ಹಾಡುಗಳನ್ನು ಕಟ್ಟಿಕೊಟ್ಟ. ಮೂರು ಸಲ ಕೇಳಿದರೆ ಬಾಯಿಗೆ ಬರುತ್ತವೆ. ಅನಂತರ ಬೇಕಾದಷ್ಟು ಹೊತ್ತು ತಿರುಗಿಸಿ ತಿರುಗಿಸಿ ಹಾಡಬಹುದು. ಮೇಲೆ ಬಲ್ಲವರು ಕೊಳಲನ್ನೋ ಒಂಟಿ ಧ್ವನಿಯನ್ನೋ ಹರಿಬಿಡಬಹುದು. ನಾಮಸಂಕೀರ್ತನೆಯನ್ನು ಕೇಳಿ ಬೆಳೆದವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ. ಇದನ್ನೇ ವರ್ಷವಿಡೀ ಹಾಡಿಸಿದರೆ ಸಪ್ಪೆಯಾದೀತೆಂಬ ಪಂಡಿತರ ಮಾತನ್ನು ಒಪ್ಪಬಹುದು. ಆದರೆ ಒಂದು ಇಡೀ ಸಂಗೀತಪ್ರಕಾರ ಬೇಸಿಗೆಯ ಇಕ್ಕಟ್ಟಿನಿಂದ ಹುಟ್ಟಿತೆಂಬುದನ್ನು ಅವರೂ ಅಲ್ಲಗಳೆಯುವಂತಿಲ್ಲ.

ಇಷ್ಟೆಲ್ಲ ಪ್ರಯಾಸ ಆರು ವಾರಗಳಿಗಾಗಿಯೆ ಎಂದು ಯಾರಾದರೂ ಕೇಳಬಹುದು. ಆರು ವಾರಗಳದೇ ಆಗಿದ್ದರೆ ಈ ಲೇಖನಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಇಂದು ಇಂಗ್ಲೆಂಡಿನ ಎಷ್ಟೋ ಹಳ್ಳಿಗಳಲ್ಲಿ ಒಬ್ಬ ಪಾದ್ರಿ ನಾಲ್ಕೈದು ಚರ್ಚುಗಳನ್ನು ನೋಡಿಕೊಳ್ಳಬೇಕಾಗಿದೆ. ಮೇಳ ಕರಗಿಹೋಗಿದೆ, ಆರ್ಗನ್ ಇದೆ, ನುಡಿಸುವವರಿಲ್ಲ, ಪೆಟ್ಟಿಗೆಯ ಗುಂಡಿಯೊತ್ತಿದರೆ ಧ್ವನಿಮುದ್ರಿತ ಆರ್ಗನ್ನು ಹಾಡಿಗೆ ಜೊತೆಗೂಡುತ್ತದೆ, ಜನ ಹಿಂದೆ ಬಿದ್ದರೂ ಅದು ಕಾಯದೆ ಮುಂದೆ ಹೋಗುತ್ತದೆ. ಆ ಊರುಗಳಲ್ಲಿ ವರ್ಷದ ಎಲ್ಲ ಭಾನುವಾರಗಳೂ ಆಗಸ್ಟಿನ ಭಾನುವಾರಗಳೇ. ಮೇಳವಿದ್ದ ಕಾಲದಲ್ಲಿ ಯಾವ ಊರಿನ ಸಭೆ ಬೇಸಿಗೆಗಳಲ್ಲಿ ತಾನಾಗಿ ಹಾಡಲು ಕಲಿತಿತ್ತೋ ಅಲ್ಲಿ ಮೇಳ ಹೋದ ಮೇಲೂ ಹಾಡು ಉಳಿಯಬಲ್ಲದು. ಕಲಿಯದ ಊರಿನಲ್ಲಿ ಮೇಳದೊಡನೆ ಹಾಡೂ ಹೋಗುತ್ತದೆ.

ಸೆಪ್ಟೆಂಬರ್ ಬರುತ್ತದೆ. ಶಾಲೆಗಳು ತೆರೆಯುತ್ತವೆ, ಕನ್ನಡಿಯಲ್ಲಿ ಮಕ್ಕಳ ಸಾಲು ಮತ್ತೆ ಕಾಣುತ್ತದೆ. ಅದರಲ್ಲಿ ಒಬ್ಬ ಹುಡುಗ ಮಾತ್ರ ತನ್ನ ಹಳೆಯ ಜಾಗದಲ್ಲಿ ತಡವರಿಸುತ್ತಾನೆ. ಜುಲೈಯಲ್ಲಿ ಮೇಲಿನ ಸ್ವರಗಳನ್ನು ಹಕ್ಕಿಯಂತೆ ಹಿಡಿಯುತ್ತಿದ್ದವನಿಗೆ ರಜೆಯಲ್ಲಿ ನಾಲ್ಕು ಅಂಗುಲ ಎತ್ತರವೂ ಒಡೆದ ಗಂಟಲೂ ಬಂದಿವೆ. ಟ್ರೆಬಲ್ಲಿಗೆ ಅವನು ಸಲ್ಲ, ಬಾಸಿಗೆ ಇನ್ನೂ ಒದಗ. ಹೀಗೆ ನಡುವೆ ಸಿಕ್ಕಿದ ಹುಡುಗರು ಒಂದೆರಡು ವಾರ ಸುಮ್ಮನೆ ನಿಂತು, ನಾಚಿ, ಚರ್ಚಿಗೆ ಬರುವುದನ್ನೇ ಬಿಡುವುದು ಎಲ್ಲರೂ ಬಲ್ಲ ಸಂಗತಿ. ಬೇಸಿಗೆಯಲ್ಲಿ ಒಂದೆಳೆಯ ಹಾಡನ್ನು ಹಾಡಿಸಿದ ಊರಿನಲ್ಲಿ ಅವನು ನಿಲುವಂಗಿ ಕಳಚಿ ಬೆಂಚಿಗೆ ಬಂದು ಕೂರುತ್ತಾನೆ. ಮುದಿ ಬಾಸು, ಮೊಣಕಾಲು ನೋವೆಂದು ಈಗ ಅಲ್ಲಿಯೇ ಕೂರುವವನು, ಸ್ವಲ್ಪ ಸರಿದು ಜಾಗ ಬಿಡುತ್ತಾನೆ. ಮರ್ಬೆಕ್‌ನ ಹಾಡು ಮೊದಲಾಗುತ್ತದೆ. ಎರಡನೆಯ ಸಾಲಿನ ಹೊತ್ತಿಗೆ ಹುಡುಗ ಒಂದು ಸ್ಥಾಯಿ ಕೆಳಗಿನಿಂದ ಗುನುಗತೊಡಗುತ್ತಾನೆ.